ಸೆಷನ್ ಗಿಟಾರಿಗೆ ಹೊರಟ ಅಳಿಯನಿಗೆ

ಚಿ. ಪುಟ್ಟನಿಗೆ ನಿನ್ನ ಮಾವನ ಆಶೀರ್ವಾದಗಳು.

ಕೆಲಸ ಬಿಟ್ಟು ಸ್ಟುಡಿಯೋಗಳಲ್ಲಿ ಗಿಟಾರ್ ನುಡಿಸಿಯೇ ಬದುಕುತ್ತೇನೆ ಅಂತ ನೀನು ಹೊರಟಿರುವುದನ್ನು ಅಕ್ಕ ಫೋನಿನಲ್ಲಿ ಹೇಳಿದಳು. ಬೇಡ ಅನ್ನುವುದಕ್ಕೆ ಈ ಕಾಗದ ಬರೆಯುತ್ತಿಲ್ಲ. ನೀನು ಹಗಲೂ ರಾತ್ರಿ ಕೇಳುವ ಐವತ್ತರ ದಶಕದ ರಾಕ್ ಅಂಡ್ ರೋಲ್ ಹಾಡುಗಳಿಗೆ ಕೂಲಿಗೆ ಗಿಟಾರ್ ನುಡಿಸಿದವರು ಹೇಗೆ ದುಡಿದರು, ಎಲ್ಲಿ ಏಟು ತಿಂದರು ಅನ್ನುವುದು ಗೊತ್ತಿದ್ದು ಹೋಗು, ಅಷ್ಟೇ.

ಡ್ಯಾನಿ ಸೆಡ್ರೋನ್‌ನಿಂದ ಶುರುಮಾಡು. 1954ರ ಏಪ್ರಿಲ್ 12ರಂದು ನ್ಯೂಯಾರ್ಕಿನ ಪಿಥಿಯನ್ ಟೆಂಪಲ್‌ನಲ್ಲಿ ಡೆಕ್ಕಾ ಕಂಪನಿ ಗಾಯಕ ಬಿಲ್ ಹೇಲಿಯ ತಂಡದ ಎರಡು ಹಾಡು ಮುದ್ರಿಸಿಕೊಂಡಿತು; ಸೆಡ್ರೋನ್ ಅಲ್ಲಿ ಕೂಲಿಗೆ ಬಂದ ಗಿಟಾರಿನವನು. ಮೂರು ಗಂಟೆಯ ಸೆಷನ್ನಿನ, ಅಂದರೆ ಮುದ್ರಣದ ಸರದಿಯ, ಬಹುಪಾಲನ್ನು ಮೊದಲ ಹಾಡೇ ನುಂಗಿತು. ‘ರಾಕ್ ಅರೌಂಡ್ ದ ಕ್ಲಾಕ್’ಗೆ ಉಳಿದದ್ದು ಮುಕ್ಕಾಲು ಗಂಟೆಯೂ ಇಲ್ಲ. ಕೂತು ಹೊಸ ಸೋಲೋ ಕಟ್ಟುವ ಪುರಸೊತ್ತು ಯಾರಿಗಿತ್ತು? 1952ರಲ್ಲಿ ಇದೇ ಹೇಲಿಯ ‘ರಾಕ್ ದ ಜಾಯಿಂಟ್’ಗೆ ನುಡಿಸಿದ್ದ ಸೋಲೋವನ್ನೇ ಸೆಡ್ರೋನ್ ತಂದು ಇಲ್ಲಿ ಕೂರಿಸಿದ. ಹನ್ನೆರಡು ಬಾರ್ (ಬಾರಿಗೆ ನಾಲ್ಕು ಬೀಟ್), ನಿಮಿಷಕ್ಕೆ ಸುಮಾರು 180 ಬೀಟ್. ಲೆಕ್ಕ ಹಾಕಿದರೆ ಹದಿನಾರು ಸೆಕೆಂಡು. ಪ್ರಪಂಚ ಇವತ್ತಿಗೂ ಕಲಿಯುತ್ತಿರುವುದು ಆ ಹದಿನಾರು ಸೆಕೆಂಡನ್ನು. ನುಡಿಸಿದ್ದನ್ನೇ ನುಡಿಸಿದ ಅಂತ ಮೂಗು ಮುರಿಯುವವರಿದ್ದಾರೆ. ನನ್ನ ಪ್ರಕಾರ ಸೆಷನ್ ಕಸುಬೆಂದರೆ ಅದೇ: ಗಡಿಯಾರ ಓಡುತ್ತಿರುವಾಗ ಕೈಯಲ್ಲಿ ಪಳಗಿದ ಸರಕು ಸಿದ್ಧವಿರಬೇಕು.

ಆ ಸೋಲೋದ ಕೊನೆಯಲ್ಲಿ ಅರ್ಧರ್ಧ ಸ್ವರ ಸರಸರನೆ ಇಳಿಯುವ ಓಟವಿದೆಯಲ್ಲ, ಅದನ್ನು ಮೆಟ್ರೋನೋಮ್ 100ಕ್ಕಿಟ್ಟು ಶುರುಮಾಡು. ಪಿಕ್ ಕೆಳಗೆ, ಮೇಲೆ, ಕೆಳಗೆ, ಮೇಲೆ, ಎಲ್ಲೂ ತಪ್ಪಬಾರದು. ನಾಲ್ಕು ನಾಲ್ಕು ಬೀಟಿನಂತೆ ಏರಿಸು. ಒಂದು ತಂತಿಯಿಂದ ಇನ್ನೊಂದಕ್ಕೆ ದಾಟುವಲ್ಲಿ ಎಡವುತ್ತೀಯ, ಎಡಗೈಯನ್ನು ಬೈದುಕೊಳ್ಳುತ್ತೀಯ. ತಪ್ಪು ಸಾಮಾನ್ಯವಾಗಿ ಬಲಗೈಯದು: ಪಿಕ್ ತಂತಿಗಳ ನಡುವೆ ಆಳಕ್ಕೆ ಇಳಿದು ಸಿಕ್ಕಿಕೊಂಡಿರುತ್ತದೆ. ತುದಿ ಒಂದೆರಡು ಮಿಲಿಮೀಟರ್ ತಾಗಿದರೆ ಸಾಕು. ಹೀಗೆ ಒಂದು ನಿಧಾನದ್ದು, ಒಂದು ನಡುವೇಗದ್ದು, ಒಂದು ಓಟದ್ದು ಅಂತ ಹನ್ನೆರಡು ಬಾರಿನ ಸೋಲೋಗಳನ್ನೂ, ನಾಲ್ಕಾರು ಪೀಠಿಕೆ ಮತ್ತು ಮುಕ್ತಾಯಗಳನ್ನೂ ಬಾಯಿಪಾಠದಂತೆ ಇಟ್ಟುಕೊ.

ಇವೆಲ್ಲ ನಿನಗೆ ಹಿತವಾದ ಶ್ರುತಿಯಲ್ಲಿ ಬಂದರೆ ಸಾಲದು. ಎ ಶ್ರುತಿಯಲ್ಲಿ ಬೂಗಿ, ಅಂದರೆ ಮತ್ತೆ ಮತ್ತೆ ಬರುವ ಆ ತಗ್ಗುಸ್ವರದ ಲಯದ ಸಾಲು, ನುಡಿಸುವುದು ಮಕ್ಕಳಾಟ: ಐದನೇ ತಂತಿ ಬಿಟ್ಟು ಮೀಟು, ನಾಲ್ಕನೇ ತಂತಿಯಲ್ಲಿ ಎರಡನೇ ಫ್ರೆಟ್, ನಾಲ್ಕನೇ ಫ್ರೆಟ್, ಮತ್ತೆ ಎರಡು. ಸ್ಯಾಕ್ಸೋಫೋನ್ ಇರುವ ತಂಡ ಬಿ ಫ್ಲಾಟ್ ಅಥವಾ ಇ ಫ್ಲಾಟ್ ಕೇಳುತ್ತದೆ, ಅವರ ವಾದ್ಯದ ಕಟ್ಟು ಹಾಗಿದೆ. ಬಿ ಫ್ಲಾಟಿನಲ್ಲಿ ಬಿಡಿತಂತಿಯ ಆಸರೆ ಇಲ್ಲ. ಆರನೇ ತಂತಿಯ ಆರನೇ ಫ್ರೆಟ್ಟಿನಲ್ಲಿ ತೋರುಬೆರಳು ಊರಿ, ಐದನೇ ತಂತಿಯ ಎಂಟನೆಯದನ್ನು ಉಂಗುರ ಬೆರಳಿನಿಂದ ಹಿಡಿದು, ಕಿರುಬೆರಳನ್ನು ಹತ್ತನೆಯದಕ್ಕೆ ಚಾಚಬೇಕು. ಹೆಬ್ಬೆರಳನ್ನು ಕತ್ತಿನ ಮೇಲಿಂದ ಇಳಿಸಿ ಹಿಂಬದಿಯ ನಡುವಿಗೆ ತಂದರೆ ಕೈ ಚಾಚುತ್ತದೆ. ಕೇಪೋ (ಶ್ರುತಿ ಏರಿಸಲು ಕತ್ತಿಗೆ ಕಚ್ಚಿಸುವ ಹಿಡಿಕೆ) ಹಾಕಿಕೊಂಡು ಪಾರಾಗುತ್ತೇನೆ ಅನ್ನಬೇಡ. ಗಾಯಕ ಮೂರನೇ ಟೇಕಿಗೆ ಅರ್ಧ ಸ್ವರ ಇಳಿಸಿ ಅಂದಾಗ ಎಲ್ಲರೂ ನಿನಗಾಗಿ ಕಾಯಬೇಕಾಗುತ್ತದೆ. ನ್ಯಾಶ್‌ವಿಲ್ಲಿನವರು ಐವತ್ತರ ದಶಕದ ಕೊನೆಗೆ ಕಂಡುಕೊಂಡ ದಾರಿ ಇದಕ್ಕೇ: ಜೋರ್ಡನೇರ್ಸ್ ಎಂಬ ಗಾಯಕರ ಗುಂಪಿನ ನೀಲ್ ಮ್ಯಾಥ್ಯೂಸ್ ಕಾರ್ಡ್‌ಗಳ ಹೆಸರು ಬಿಟ್ಟು ಸ್ವರಶ್ರೇಣಿಯಲ್ಲಿ ಅವುಗಳ ಸ್ಥಾನವನ್ನು 1, 4, 5 ಎಂದು ಬರೆಯತೊಡಗಿದ. ಶ್ರುತಿ ಬದಲಾದರೂ ಹಾಳೆ ಬದಲಾಗುವುದಿಲ್ಲ. ಸ ಮ ಪ ಹೇಳಿಕೊಂಡು ಬೆಳೆದ ನಿನಗೆ ಇದು ಒಂದು ಸಂಜೆಯ ಪಾಠ.

ಲಯದಲ್ಲಿ ಇನ್ನೊಂದು ಗುಂಡಿ ಇದೆ. ಆಗಿನ ಡ್ರಮ್ಮರುಗಳು ಸ್ವಿಂಗ್‌ನಿಂದ ಬಂದವರು, ಅವರ ಕೈ ಷಫಲ್‌ನಲ್ಲಿ, ಅಂದರೆ ಒಂದು ಉದ್ದ ಒಂದು ಗಿಡ್ಡ ಎಂಬ ನಡೆಯಲ್ಲಿ, ಕುಂಟುತ್ತಾ ನಡೆಯುತ್ತದೆ. ಗಿಟಾರಿನವರು ಬೀಟಿಗೆ ಎರಡರಂತೆ ಬರುವ ಸ್ವರಗಳನ್ನು ನೇರವಾಗಿ, ಸಮವಾಗಿ ಹೊಡೆಯತೊಡಗಿದ್ದರು. ಚಕ್ ಬೆರಿಯ ಹಾಡುಗಳಲ್ಲಿ ಈ ಎರಡರ ತಿಕ್ಕಾಟವೇ ರುಚಿ. ತಿಳಿದು ಮಾಡಿದರೆ ರುಚಿ, ತಿಳಿಯದೆ ಮಾಡಿದರೆ ಎಡವಟ್ಟು. ಎಣಿಕೆ ಶುರುವಾಗುವ ಮೊದಲೇ ಡ್ರಮ್ಮರನ್ನು ಕೇಳು.

ತಂತಿಯ ವಿಷಯಕ್ಕೆ ಬಂದರೆ, ಆಗ ಮೂರನೆಯದೂ ಸುತ್ತುತಂತಿಯೇ, ದಪ್ಪ. ಅದನ್ನು ಎಳೆದು ಬಾಗಿಸುವುದು ಕಷ್ಟ. ಆಗಿನ ಇನ್ನೊಬ್ಬ ಗಿಟಾರಿನವನಾದ ಜೇಮ್ಸ್ ಬರ್ಟನ್ ಅದಕ್ಕೇ ತೆಳುವಾದ ಬ್ಯಾಂಜೋ ತಂತಿ ಹಾಕಿಕೊಂಡ. ಹಳೆಯ ಧ್ವನಿ ಬೇಕು ಅಂದವರಿಗೆ 12ರ ಸೆಟ್ (ಮೊದಲ ತಂತಿಯ ದಪ್ಪ ಇಂಚಿನ ಸಾವಿರದ 12 ಭಾಗ), ಸುತ್ತಿದ ಮೂರನೇ ತಂತಿ. ಬಾಗಿಸುವ ಕೆಲಸವಿದ್ದರೆ 10ರ ಸೆಟ್.

ಹುಡುಗರೆಲ್ಲ ಸೋಲೋಗೆ ಬೀಳುತ್ತೀರಿ. ಅನ್ನ ಹಾಕುವುದು ಕೇಳಿಯೂ ಕೇಳಿಸದ ಕೆಲಸ. ನ್ಯೂ ಆರ್ಲಿಯನ್ಸಿನ ಕೊಸಿಮೊ ಮಟಾಸಾ ಸ್ಟುಡಿಯೋದ ಹಾಡುಗಳಲ್ಲಿ ಗಿಟಾರ್ ಎಷ್ಟೋ ಸಲ ಬೇಸಿನ ಸಾಲನ್ನೇ ಸ್ಯಾಕ್ಸೋಫೋನಿನ ಜೊತೆ ಒತ್ತಿ ನುಡಿಸುತ್ತದೆ. 1958ರ ‘ಲಾ ಬಾಂಬಾ’ದಲ್ಲಿ ರೆನೆ ಹಾಲ್ ಹಿಡಿದದ್ದು ಡ್ಯಾನ್‌ಎಲೆಕ್ಟ್ರೋದ ಆರು ತಂತಿಯ ಬೇಸ್, ಗಿಟಾರಿಗಿಂತ ಒಂದು ಸ್ಥಾಯಿ ಕೆಳಗೆ. ಹೀಗೆ ಜೊತೆಗೂಡುವಾಗ ಅಂಗೈ ಅಂಚನ್ನು ಬ್ರಿಡ್ಜಿನ ಮೇಲೆ ಊರಿ ನಾದ ಕತ್ತರಿಸಬೇಕು. ಸ್ವರ ಉದ್ದವಾದರೆ ಬೇಸಿನ ಜೊತೆ ಕಲಸಿ ಕೆಸರಾಗುತ್ತದೆ. ಆಗ ಎಲ್ಲರೂ ಒಂದೇ ಕೋಣೆಯಲ್ಲಿ, ಹಾಡುವವನ ಮೈಕಿಗೂ ಗಿಟಾರ್ ಸೋರುತ್ತಿತ್ತು. ಅದಕ್ಕೇ ಆ್ಯಂಪ್ ಚಿಕ್ಕದು, ಸದ್ದು ಹದ.

ಇನ್ನು ದುಡ್ಡು. ಐವತ್ತರ ದಶಕದ ನಡುವಿನಲ್ಲಿ ಅಮೆರಿಕದ ಸಂಗೀತಗಾರರ ಸಂಘದ ದರ ಮೂರು ಗಂಟೆಯ ಸೆಷನ್ನಿಗೆ 41.25 ಡಾಲರ್. ಹಾಡು ಗೆದ್ದರೂ ಅಷ್ಟೇ, ಮಲಗಿದರೂ ಅಷ್ಟೇ. ಸೆಡ್ರೋನ್ ನುಡಿಸಿದ ಹಾಡು ಮೊದಲ ಸ್ಥಾನಕ್ಕೆ ಏರಿದ್ದು 1955ರ ಜುಲೈನಲ್ಲಿ. 1954ರ ಜೂನ್‌ನಲ್ಲೇ ಆತ ಮೆಟ್ಟಿಲಿನಿಂದ ಬಿದ್ದು ತೀರಿಕೊಂಡಿದ್ದ.

ಜೋಡಿ ವಿಲಿಯಮ್ಸ್‌ನದು ಬೇರೆ ಕಥೆ. ಷಿಕಾಗೋದ ಚೆಸ್ ಕಂಪನಿಯಲ್ಲಿ ಬೋ ಡಿಡ್ಲಿಯ ಬೆನ್ನಿಗೆ ನುಡಿಸುತ್ತಿದ್ದವನು. ಬಿಲ್ಲಿ ಸ್ಟುವರ್ಟ್‌ನ ಹಾಡೊಂದಕ್ಕೆ ಅವನು ಕಟ್ಟಿದ ಗಿಟಾರ್ ಸಾಲು ಮಿಕ್ಕಿ ಮತ್ತು ಸಿಲ್ವಿಯಾ ಜೋಡಿಯ ‘ಲವ್ ಈಸ್ ಸ್ಟ್ರೇಂಜ್’ನಲ್ಲಿ ಮೆರೆಯಿತು. ಕೇಸು ನಡೆದು 1961ರಲ್ಲಿ ವಿಲಿಯಮ್ಸ್‌ನ ಕಡೆ ಸೋತಿತು. ಮನಸ್ಸು ಮುರಿದು ಸಂಗೀತ ಬಿಟ್ಟು, ಜೆರಾಕ್ಸ್ ಕಂಪನಿಯಲ್ಲಿ ತಂತ್ರಜ್ಞನಾದ. ಅದಕ್ಕೇ ಹೇಳುವುದು, ಸ್ಟುಡಿಯೋದಲ್ಲಿ ಸುಮ್ಮನೆ ಕೈಯಾಡಿಸುವಾಗ ಹೊಳೆದ ಸಾಲಿನಿಂದಲೇ ಹಾಡು ಹುಟ್ಟಿದರೆ, ಪಾಲಿನ ಮಾತನ್ನು ಅವತ್ತೇ, ಬರಹದಲ್ಲಿ ಆಡಬೇಕು.

ಸಂಘದ ಕರಾರು ಹಾಳೆಯಲ್ಲಿ ಹೆಸರಿದ್ದವರಿಗೆ 1964ರಿಂದ ವಿಶೇಷ ಪಾವತಿ ನಿಧಿಯ ಹಣವಾದರೂ ಬರತೊಡಗಿತು. ನಮ್ಮಲ್ಲಿ 2012ರ ತಿದ್ದುಪಡಿ ಬಂದ ಮೇಲೆ ಕೃತಿಸ್ವಾಮ್ಯ ಕಾನೂನು ವಾದಕರಿಗೂ ರಾಯಧನದ ಹಕ್ಕು ಕೊಟ್ಟಿದೆ. ಆದರೆ ಸಿನಿಮಾದ ಮಟ್ಟಿಗೆ ಒಂದು ಕೊಕ್ಕೆ ಇಟ್ಟಿದೆ: ಪಾತ್ರ ಆನುಷಂಗಿಕವಾಗಿದ್ದು, ವಾಡಿಕೆಯಂತೆ ಹೆಸರನ್ನು ಎಲ್ಲೂ ಹಾಕದವರನ್ನು ಕಲಾವಿದರೆಂದೇ ಎಣಿಸುವುದಿಲ್ಲ, ಒಂದು ಸಣ್ಣ ವಿನಾಯಿತಿ ಬಿಟ್ಟರೆ. ಹಾಗಾಗಿ ಸಂಭಾವನೆ ಚೌಕಾಸಿಯಲ್ಲಿ ಐನೂರು ರೂಪಾಯಿ ಬಿಟ್ಟರೂ ಬಿಡು, ಟೈಟಲ್ ಕಾರ್ಡಿನಲ್ಲಿ ಹೆಸರು ಬಿಡಬೇಡ. ಒಂದು ನೋಟ್‌ಬುಕ್ಕಿನಲ್ಲಿ ತಾರೀಕು, ಸ್ಟುಡಿಯೋ, ಹಾಡು, ಯಾವ ಭಾಗ ನುಡಿಸಿದೆ, ಕರೆದವರು ಯಾರು, ಎಷ್ಟು ಬಂತು, ಎಷ್ಟು ಬಾಕಿ ಅಂತ ಅವತ್ತಿನದನ್ನು ಅವತ್ತೇ ಬರೆ. ಕರಾರಿನ ಹಾಳೆ ಕೊಟ್ಟರೆ ಅಲ್ಲೇ ಸಹಿ ಹಾಕದೆ ನನಗೊಂದು ಫೋಟೋ ಕಳಿಸು, ಇಬ್ಬರೂ ಕೂತು ಓದೋಣ.

ಇಂತಿ,
ನಿನ್ನ ಸೋದರಮಾವ