ಗೇರ್‌ಬಾಕ್ಸ್ ಬದಲಿಸುವವರು ಶಾಫ್ಟ್ ಕತ್ತರಿಸುವ ಮುಂಚೆ ಓದಿ

ಹಳೆ 4x4 ಜೀಪಿನ 4 ಗೇರಿನ ಬಾಕ್ಸ್ ತೆಗೆದು 5 ಗೇರಿನದು ಕೂರಿಸುತ್ತಿರುವವರ ಗಮನಕ್ಕೆ. ಬಾಕ್ಸ್ ಉದ್ದವಾಗಿದ್ದು ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಆಕ್ಸಲ್‌ಗೆ ಬಲ ಹಂಚುವ ಪೆಟ್ಟಿಗೆ) ಹಿಂದೆ ಸರಿದರೆ, ಅಲ್ಲಿಂದ ಆಕ್ಸಲ್‌ಗೆ ಬಲ ಒಯ್ಯುವ ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ಗಿಡ್ಡ ಆಗಬೇಕು, ಮುಂದಿನದು ಉದ್ದ. ಮುಂದಿನದನ್ನು ಮರೆಯಬೇಡಿ.

ಅಳೆಯುವಾಗ ಎಂಜಿನ್, ಬಾಕ್ಸ್ ಮೌಂಟಿಂಗ್‌ಗಳು ಪೂರ್ತಿ ಬಿಗಿದಿರಲಿ, ಗಾಡಿಯ ಭಾರ ಚಕ್ರದ ಮೇಲೇ ಇರಲಿ. ಚಾಸಿಗೆ ಜ್ಯಾಕ್ ಕೊಟ್ಟರೆ ಆಕ್ಸಲ್ ಜೋತುಬಿದ್ದು ಲೆಕ್ಕ ಕೆಡುತ್ತದೆ. ಟ್ರಾನ್ಸ್‌ಫರ್ ಕೇಸಿನ ಫ್ಲಾಂಜ್ ಮುಖದಿಂದ ಆಕ್ಸಲ್ ಕಡೆಯ ಪಿನಿಯನ್ ಫ್ಲಾಂಜ್ ಮುಖಕ್ಕೆ (ಫ್ಲಾಂಜ್ ಅಂದರೆ ಶಾಫ್ಟ್ ಬೋಲ್ಟ್ ಆಗುವ ಚಪ್ಪಟೆ ತಟ್ಟೆ), ಶಾಫ್ಟ್ ಹೋಗುವ ಓರೆಯಲ್ಲೇ ಟೇಪ್ ಹಿಡಿಯಿರಿ. ಅಂಗುಲ ಬೇಡ, ಮಿ.ಮೀ. ಬರೆಯಿರಿ.

ಈಗ ಎಡವಟ್ಟಾಗುವ ಜಾಗ: ಸ್ಲಿಪ್ ಜಾಯಿಂಟ್, ಅಂದರೆ ಆಕ್ಸಲ್ ಕುಣಿದಾಗ ಒಳಗೆ-ಹೊರಗೆ ಜಾರುವ ಶಾಫ್ಟಿನ ಭಾಗ. ಪೂರ್ತಿ ಒಳಗೆ ತಳ್ಳಿ, ಅಲ್ಲಿಂದ ಸುಮಾರು 25 ಮಿ.ಮೀ. ಹೊರಗೆಳೆದ ಸ್ಥಿತಿಯಲ್ಲಿ ಶಾಫ್ಟಿನ ಉದ್ದ ನಿಮ್ಮ ಅಳತೆಗೆ ಸರಿಹೊಂದಬೇಕು. ಉದ್ದ ಹೆಚ್ಚಾದರೆ ಗುಂಡಿಗೆ ಬಿದ್ದಾಗ ಸ್ಲಿಪ್ ತಳ ಮುಟ್ಟಿ ಔಟ್‌ಪುಟ್ ಬೇರಿಂಗನ್ನೇ ಗುದ್ದುತ್ತದೆ. ಕಡಿಮೆಯಾದರೆ ಸ್ಪ್ಲೈನ್ (ಸ್ಲಿಪ್‌ನ ಉದ್ದುದ್ದ ಹಲ್ಲುಗಳು) ಹಿಡಿತ ಸಾಲದೆ ನಡುಕ. ಆಮೇಲೆ ಚಾಸಿ ಎತ್ತಿ ಆಕ್ಸಲ್ ಜೋತುಬಿಟ್ಟು ಸ್ಪ್ಲೈನ್ ಎಷ್ಟು ಉಳಿದಿದೆ ಅಂತ ಕಣ್ಣಾರೆ ನೋಡಿ.

ವೆಲ್ಡ್ ಮಾಡುವ ಮುಂಚೆ ಟ್ಯೂಬಿನ ಮೇಲೆ ಉದ್ದಕ್ಕೆ ಒಂದು ಗೆರೆ ಗೀಚಿ. ಎರಡೂ ತುದಿಯ ಯೋಕ್ (ಯು-ಜಾಯಿಂಟ್ ಎಂಬ ಬಾಗುವ ಕೀಲನ್ನು ಹಿಡಿಯುವ ಕವಲು) ಒಂದೇ ನೇರದಲ್ಲಿ ಬರಬೇಕು, ಇಲ್ಲದಿದ್ದರೆ ಎಷ್ಟು ಬ್ಯಾಲೆನ್ಸ್ ಮಾಡಿಸಿದರೂ ಗಡಗಡ ನಿಲ್ಲದು. ಲೇತ್‌ನಲ್ಲಿ ತಿರುಗಿಸಿ ಶಾಫ್ಟ್ ಓಲಾಡುತ್ತದಾ ನೋಡಿ, ಡೈನಾಮಿಕ್ ಬ್ಯಾಲೆನ್ಸ್ (ತಿರುಗಿಸುತ್ತಾ ತೂಕ ಸರಿಮಾಡುವುದು) ಮಾಡಿಸಿ. ಅಲ್ಲಿ ದುಡ್ಡು ಉಳಿಸಿದರೆ ಯು-ಜಾಯಿಂಟ್‌ಗೆ ಕಟ್ಟುತ್ತೀರಿ.