ಅಟ್ಟದ ಮೇಲಿನ ಪುಸ್ತಕ ಈಗಲೇ ರದ್ದಿಗೆ ಹಾಕಬೇಡಿ

ಸ್ಯಾನ್ ಫ್ರಾನ್ಸಿಸ್ಕೋ,
ಭಾನುವಾರ ಮಧ್ಯಾಹ್ನ

ಪ್ರೀತಿಯ ಅಪ್ಪ, ಅಮ್ಮ,

ನಾವೆಲ್ಲ ಚೆನ್ನಾಗಿದ್ದೇವೆ. ಪುಟಾಣಿಗೆ ಶೀತ ಕಡಿಮೆಯಾಗಿದೆ. ಅಮ್ಮ, ನೀನು ಕೊಟ್ಟು ಕಳಿಸಿದ ಸಾರಿನ ಪುಡಿ ಇನ್ನೂ ಅರ್ಧ ಡಬ್ಬಿ ಇದೆ, ಯೋಚನೆ ಮಾಡಬೇಡ.

ಫೋನಿನಲ್ಲಿ ಹೇಳೋಕೆ ಹೋದರೆ ಮಾತು ಎಲ್ಲೆಲ್ಲಿಗೋ ಹೋಗಿಬಿಡುತ್ತೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಮನೆಗೆ ಸುಣ್ಣಬಣ್ಣ ಹೊಡೆಸುವ ಮುಂಚೆ ಅಟ್ಟದ ಮೇಲಿನ ಪುಸ್ತಕಗಳನ್ನೆಲ್ಲ ಹಳೇ ಪೇಪರಿನವನಿಗೆ ಹಾಕಿಬಿಡ್ತೀವಿ ಅಂತ ಅಮ್ಮ, ಮೊನ್ನೆ ನೀನು ಹೇಳಿದೆ. ಅಪ್ಪ, ನೀವು ಪಕ್ಕದಲ್ಲೇ ಕೂತಿದ್ದಿರಿ, ಒಂದು ಮಾತೂ ಆಡಲಿಲ್ಲ. ಅವತ್ತಿನಿಂದ ನನಗೆ ಅದೇ ಚಿಂತೆ. ದಯವಿಟ್ಟು ಸ್ವಲ್ಪ ದಿನ ತಡೆಯಿರಿ. ಯಾಕೆ ಅಂತ ಹೇಳಬೇಕಾದರೆ ನಮ್ಮ ಬೀದಿಯ ಪುಸ್ತಕದಂಗಡಿ ವಿಷಯ ಹೇಳಬೇಕು.

ಅದರ ಹೆಸರು ಗ್ರೀನ್ ಆಪಲ್ ಬುಕ್ಸ್. ಕ್ಲೆಮೆಂಟ್ ಸ್ಟ್ರೀಟ್, ಆರನೇ ಅವೆನ್ಯೂ ಮೂಲೆ. ಇಲ್ಲಿಗೆ ಬರುವ ಪ್ರವಾಸಿಗರು ಸಿಟಿ ಲೈಟ್ಸ್ ಅನ್ನೋ ಅಂಗಡಿಗೆ ಹೋಗಿ ಫೋಟೋ ತೆಗೆಸಿಕೊಳ್ಳುತ್ತಾರೆ. ಅದೂ ಒಳ್ಳೆಯ ಅಂಗಡಿಯೇ. ಆದರೆ ಗ್ರೀನ್ ಆಪಲ್ ಈ ಬಡಾವಣೆಯವರದ್ದು. ಕ್ಲೆಮೆಂಟ್ ಸ್ಟ್ರೀಟ್ ಅಂದರೆ ನಮ್ಮ ಗಾಂಧಿ ಬಜಾರ್ ಇದ್ದ ಹಾಗೆ. ತರಕಾರಿ ಡಬ್ಬಗಳು ಫುಟ್‌ಪಾತಿಗೆ ಬಂದಿರುತ್ತವೆ. ಚೀನೀಯರ ಬೇಕರಿ, ಬರ್ಮಾದ ಹೋಟೆಲು, ಕೈಗಾಡಿ ಎಳೆದುಕೊಂಡು ಸೊಪ್ಪು ಆರಿಸುವ ಅಜ್ಜಿಯರು. ಅವರ ಮಧ್ಯೆಯೇ ಈ ಅಂಗಡಿ. ಹೊರಗಡೆ ಅಗ್ಗದ ಪುಸ್ತಕಗಳ ಗಾಡಿಗಳನ್ನು ನಿಲ್ಲಿಸಿರುತ್ತಾರೆ. ಸೊಪ್ಪು ಕೊಂಡವರು ಹಾಗೇ ನಿಂತು ಎರಡು ಪುಸ್ತಕ ತಿರುವಿ ಹಾಕುತ್ತಾರೆ.

ಒಳಗೆ ಕಾಲಿಟ್ಟರೆ ಮೊದಲು ಕೇಳುವುದು ನೆಲದ ಸದ್ದು. ಹಳೇ ಮರದ ನೆಲ, ಪ್ರತಿ ಹೆಜ್ಜೆಗೂ ಕಿರ್ ಅನ್ನುತ್ತೆ. ಮಹಡಿ ಮೆಟ್ಟಿಲಂತೂ ಇನ್ನೂ ಜಾಸ್ತಿ. ಹೊಸ ಪುಸ್ತಕ, ಹಳೇ ಪುಸ್ತಕ ಎರಡೂ ಸಿಗುತ್ತವೆ. ಕೋಣೆಯೊಳಗೆ ಕೋಣೆ, ಅದರಾಚೆ ಇನ್ನೊಂದು ಸಂದು. ಅಷ್ಟೂ ಸಾಲದೆ ಕಥೆ, ಕಾದಂಬರಿಗಳಿಗೆ ಅದೇ ಸಾಲಿನಲ್ಲಿ ಬೇರೆ ಮಳಿಗೆಯಿದೆ. ನನಗೆ ಎಲ್ಲಕ್ಕಿಂತ ಇಷ್ಟ ಕಪಾಟಿನ ಅಂಚಿಗೆ ಅಂಟಿಸಿರುವ ಚೀಟಿಗಳು. ಅಂಗಡಿಯವರೇ ಓದಿ, ಯಾಕೆ ಇಷ್ಟವಾಯ್ತು ಅಂತ ಕೈಯಲ್ಲೇ ಬರೆದು ಅಂಟಿಸುತ್ತಾರೆ. ಹೋದ ವಾರ ಒಂದು ಚೀಟಿ ನೋಡಿದೆ. ನೀಲಿ ಪೆನ್ನು, ಸಾಲು ಸ್ವಲ್ಪ ಓರೆ. ಕೊನೆಗೆ ಜಾಗ ಸಾಲದೆ ಅಕ್ಷರಗಳು ಚಿಕ್ಕದಾಗುತ್ತಾ ಹೋಗಿ ಮೂಲೆಯಲ್ಲಿ ಒತ್ತಿಕೊಂಡು ಕೂತಿದ್ದವು. ಆ ಪುಸ್ತಕದ ಬಗ್ಗೆ ಹೇಳೋಕೆ ಅವರಿಗೆ ಎಷ್ಟೊಂದಿತ್ತು ಅಂತ ಆ ಮೂಲೆ ನೋಡಿದರೇ ಗೊತ್ತಾಗುತ್ತಿತ್ತು.

ನಿಮಗೆ ಹೇಳಿರಲಿಲ್ಲ, ಇಲ್ಲಿಗೆ ಬಂದ ಮೊದಲ ವರ್ಷ ನನಗೆ ತುಂಬಾ ಕಷ್ಟವಾಗಿತ್ತು. ಇವರು ಬೆಳಿಗ್ಗೆ ಆಫೀಸಿಗೆ ಹೋದರೆ ಸಂಜೆವರೆಗೆ ಮನೆಯಲ್ಲಿ ನಾನೊಬ್ಬಳೇ. ನನ್ನ ವೀಸಾದಲ್ಲಿ ಕೆಲಸಕ್ಕೆ ಹೋಗುವ ಹಾಗಿರಲಿಲ್ಲ. ಕಿಟಕಿ ಆಚೆ ಬರೀ ಮಂಜು. ಒಂದು ದಿನ ಸುಮ್ನೆ ನಡೆದುಕೊಂಡು ಹೋಗಿ ಆ ಅಂಗಡಿಗೆ ನುಗ್ಗಿದೆ. ಎರಡು ಗಂಟೆ ಇದ್ದೆ. ಏನು ಬೇಕು ಅಂತ ಯಾರೂ ಬೆನ್ನು ಬೀಳಲಿಲ್ಲ. ಮಾರನೇ ದಿನವೂ ಹೋದೆ. ಆಮೇಲೆ ಹೆಚ್ಚುಕಡಿಮೆ ದಿನವೂ ಹೋದೆ. ಮೂರನೇ ವಾರವೋ ಏನೋ, ಕ್ಯಾಶ್ ಕೌಂಟರಿನ ಹುಡುಗಿ ನನ್ನನ್ನು ನೋಡಿ, "ನೀವು ಅವತ್ತು ಅರ್ಧ ಓದಿ ಇಟ್ಟಿರಲ್ಲ, ಅದರ ಹಳೇ ಪ್ರತಿ ಒಂದು ಬಂದಿದೆ, ಕಡಿಮೆ ಬೆಲೆಗೆ" ಅಂದಳು. ಅಮ್ಮ, ಮನೆಗೆ ಬರುವ ದಾರಿಯುದ್ದಕ್ಕೂ ಅಳುತ್ತಲೇ ಬಂದೆ. ಈ ಊರಿನಲ್ಲಿ ನನ್ನ ಬಗ್ಗೆ ಒಂದು ವಿಷಯ ನೆನಪಿಟ್ಟುಕೊಂಡವರಲ್ಲಿ ಅವಳೇ ಮೊದಲು.

ಈಗ ಅಟ್ಟದ ವಿಷಯಕ್ಕೆ ಬರುತ್ತೇನೆ. ಈ ಅಂಗಡಿಯವರು ಜನರಿಂದ ಹಳೇ ಪುಸ್ತಕ ಕೊಳ್ಳುತ್ತಾರೆ. ಬೇಕಾದರೆ ನಗದು ಕೊಡುತ್ತಾರೆ. ಅಂಗಡಿಯಲ್ಲೇ ಪುಸ್ತಕ ತಗೊಳ್ತೀವಿ ಅಂದರೆ ಇನ್ನೂ ಜಾಸ್ತಿ ಲೆಕ್ಕ ಹಾಕಿ ಬರೆದುಕೊಡುತ್ತಾರೆ. ನಾನೂ ಒಂದು ಸಲ ಎರಡು ಚೀಲ ತಗೊಂಡು ಹೋಗಿದ್ದೆ. ಅಲ್ಲಿದ್ದವರು ಒಂದೊಂದೇ ಪುಸ್ತಕ ಕೈಗೆ ತಗೊಂಡರು. ಬೆನ್ನು ಬಿಟ್ಟಿದೆಯಾ ಅಂತ ಬೆರಳಾಡಿಸಿ ನೋಡಿದರು. ಹಾಳೆಗಳನ್ನು ಹೆಬ್ಬೆರಳಿನಲ್ಲಿ ಸರ್ ಅಂತ ಬಿಟ್ಟು, ಗೆರೆ ಎಳೆದಿದೆಯಾ, ನೀರು ಬಿದ್ದಿದೆಯಾ ಅಂತ ಪರೀಕ್ಷೆ ಮಾಡಿದರು. ಒಂದು ಪುಸ್ತಕದೊಳಗೆ ಪುಟಾಣಿಯ ಲಸಿಕೆ ಚೀಟಿ ಸಿಕ್ಕಿತು, ತೆಗೆದು ನನ್ನ ಕೈಗೆ ಕೊಟ್ಟರು. ತಕ್ಕಡಿಗೆ ಹಾಕಿ ಕೆಜಿಗೆ ಇಷ್ಟು ಅನ್ನುವ ಲೆಕ್ಕ ಅಲ್ಲಿಲ್ಲ. ಬೇಡದ್ದನ್ನು ವಾಪಸ್ ಕೊಟ್ಟರು, ಅದನ್ನೂ ಮರ್ಯಾದೆಯಿಂದಲೇ.

ಅಂಗಡಿ ನಡೆಯುವುದಕ್ಕೂ ಇದು ಮುಖ್ಯ. ಹೊಸ ಪುಸ್ತಕಕ್ಕೆ ಪ್ರಕಾಶಕರು ಬೆಲೆ ಅಚ್ಚು ಹಾಕಿರುತ್ತಾರೆ, ಅಂಗಡಿಯವರ ಕೈಗೆ ಉಳಿಯುವುದು ಅಷ್ಟಕ್ಕಷ್ಟೆ. ಹಳೇ ಪುಸ್ತಕಕ್ಕೆ ಬೆಲೆ ಕಟ್ಟುವವರು ಅವರೇ. ಅದು ಬರುವುದು ಅಕ್ಕಪಕ್ಕದ ಮನೆಗಳಿಂದ. ಹಾಗಾಗಿ ಆ ಕಪಾಟುಗಳಲ್ಲಿರುವುದು ಈ ಬಡಾವಣೆಯವರು ಇಷ್ಟು ವರ್ಷ ಏನು ಓದಿದರು ಅನ್ನೋದೇ. ಯಾರದೋ ಮನೆಯ ಅಟ್ಟ ಇಳಿದು ಇನ್ಯಾರದೋ ಮಂಚದ ಪಕ್ಕ ಸೇರುತ್ತದೆ.

ಅಪ್ಪ, ಇದನ್ನು ನಿಮಗೆ ಅಂತಲೇ ಬರೆಯುತ್ತಿದ್ದೇನೆ. ಗ್ರೀನ್ ಆಪಲ್ ಶುರುವಾಗಿದ್ದು 1967ರಲ್ಲಿ. ರಿಚರ್ಡ್ ಸವೋಯ್ ಅನ್ನುವವರು ಸಣ್ಣ ಸಾಲ ಮಾಡಿ, ಚಿಕ್ಕ ಜಾಗದಲ್ಲಿ ಶುರು ಮಾಡಿದರು. ನಲವತ್ತು ವರ್ಷ ದಾಟಿದ ಮೇಲೆ, 2009ರಲ್ಲಿ, ಅಂಗಡಿಯನ್ನು ಅಲ್ಲೇ ಕೆಲಸ ಮಾಡುತ್ತಿದ್ದ ಮೂವರಿಗೆ ಮಾರಿದರು. ಮೂವರೂ ಅಲ್ಲೇ ಪಳಗಿದವರು.

2009 ಅಂದಾಗ ನಿಮಗೂ ನೆನಪಾಗಿರಬೇಕು ಅಲ್ವಾ? ನಮ್ಮ ಪ್ರೀಮಿಯರ್ ಪುಸ್ತಕದಂಗಡಿ ಬಾಗಿಲು ಹಾಕಿದ್ದೂ ಅದೇ ವರ್ಷ. ಶನಿವಾರ ಸಾಯಂಕಾಲ ನೀವು ನನ್ನ ಕೈ ಹಿಡಿದು ಚರ್ಚ್ ಸ್ಟ್ರೀಟಿಗೆ ಕರೆದುಕೊಂಡು ಹೋಗುತ್ತಿದ್ದಿರಿ. ಆ ಪುಟ್ಟ ಅಂಗಡಿಯಲ್ಲಿ ಪುಸ್ತಕದ ಗೋಪುರಗಳು. ಒಂದು ಎಳೆದರೆ ಹತ್ತು ಬೀಳುತ್ತವೆ ಅಂತ ನನಗೆ ಭಯ. ಅಂಗಡಿಯ ಶಾನಭಾಗರು ಕೂತ ಜಾಗದಿಂದಲೇ, ನೀವು ಕೇಳಿದ್ದು ಯಾವ ರಾಶಿಯ ಎಷ್ಟನೇದು ಅಂತ ಹೇಳುತ್ತಿದ್ದರು. ಕೇಳದೇನೇ ರಿಯಾಯಿತಿ ಕಳೆದು ಬಿಲ್ಲು ಬರೆಯುತ್ತಿದ್ದರು. 1971ರಿಂದ ನಡೆಸಿಕೊಂಡು ಬಂದ ಅಂಗಡಿ. ಮುಚ್ಚಿದ ದಿನ ನೀವು ರಾತ್ರಿ ಊಟ ಮಾಡದೆ ಮಲಗಿದಿರಿ. 2021ರಲ್ಲಿ ಶಾನಭಾಗರು ಹೋದ ಸುದ್ದಿ ಬಂದಾಗ ಫೋನಿನಲ್ಲಿ ನಿಮ್ಮ ಗಂಟಲು ಕಟ್ಟಿದ್ದು ನನಗೆ ಕೇಳಿಸಿತ್ತು.

2009ರಲ್ಲಿ, ಒಂದೇ ವರ್ಷ, ಅಲ್ಲಿ ಒಂದು ಮುಚ್ಚಿತು, ಇಲ್ಲಿ ಒಂದು ಉಳಿಯಿತು. ಇದನ್ನು ಎಷ್ಟೋ ಸಲ ಯೋಚಿಸಿದ್ದೇನೆ. ಇಲ್ಲೇನೂ ಸುಲಭವಾಗಿರಲಿಲ್ಲ. ಅಮೆರಿಕದ ತುಂಬ ನೂರಾರು ಮಳಿಗೆ ಇದ್ದ ಬಾರ್ಡರ್ಸ್ ಅನ್ನೋ ಪುಸ್ತಕದಂಗಡಿ 2011ರಲ್ಲಿ ಪೂರ್ತಿ ಮುಚ್ಚಿಹೋಯಿತು. ಗ್ರೀನ್ ಆಪಲ್ ಮಾತ್ರ 2014ರಲ್ಲಿ ಗೋಲ್ಡನ್ ಗೇಟ್ ಪಾರ್ಕಿನ ಆಚೆ ಬದಿಗೆ ಇನ್ನೊಂದು ಅಂಗಡಿ ತೆರೆಯಿತು. ಅದೇ ವರ್ಷ ಪಬ್ಲಿಷರ್ಸ್ ವೀಕ್ಲಿ ಪತ್ರಿಕೆ ಇದನ್ನು ವರ್ಷದ ಪುಸ್ತಕದಂಗಡಿ ಅಂತ ಆರಿಸಿತು. ನನಗನ್ನಿಸುವುದು ಇಷ್ಟು. ಮುಂದೆ ನಡೆಸುವವರು ಅಂಗಡಿಯೊಳಗೇ ತಯಾರಾಗಿದ್ದರು. ಇನ್ನೊಂದು, ಊರಿನವರೂ ಕೈ ಬಿಡಲಿಲ್ಲ. ಮೂವತ್ತು ವರ್ಷ ದಾಟಿದ ಅಂಗಡಿ, ಹೋಟೆಲುಗಳನ್ನು ಉಳಿಸಬೇಕು ಅಂತ 2015ರಲ್ಲಿ ಇಲ್ಲಿಯ ಜನ ಮತ ಹಾಕಿ ಒಂದು ನಿಧಿ ಮಾಡಿಸಿಕೊಂಡರು. ಅಂಥ ಅಂಗಡಿಗೆ ಹತ್ತು ವರ್ಷದ ಲೀಸ್ ಬರೆದುಕೊಟ್ಟ ಕಟ್ಟಡದ ಮಾಲೀಕರಿಗೂ ಸಹಾಯಧನ ಇದೆ. ಬಾಡಿಗೆ ಏರಿಸಿ ಓಡಿಸುವ ಬದಲು ಇರಿಸಿಕೊಂಡರೆ ಲಾಭ. ಎಂಥ ಒಳ್ಳೇ ಯೋಚನೆ ನೋಡಿ. ನಮ್ಮೂರಿನಲ್ಲೂ ಯಾರಾದರೂ ಹೀಗೆ ಮಾಡಬಾರದಾ ಅನ್ನಿಸುತ್ತೆ.

ಹಾಂ, ಮರೆತಿದ್ದೆ. 2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಇಂಟರ್‌ನ್ಯಾಷನಲ್ ಬೂಕರ್ ಬಂತಲ್ಲ, ಆಗ ಹೋಗಿ ಅವರ ಪುಸ್ತಕ ಇದೆಯಾ ಅಂತ ಕೇಳಿದೆ. ಕನ್ನಡ ಅನ್ನುವ ಪದವನ್ನು ಕೌಂಟರಿನವರು ನನ್ನಿಂದ ಎರಡು ಸಲ ಹೇಳಿಸಿಕೊಂಡು, ತಾವೂ ಹೇಳಿ ಸರಿಯಾ ಅಂತ ಕೇಳಿದರು. ನ್ನ ಜೊತೆ ಸ್ವಲ್ಪ ಜಗಳ ಆಯ್ತು, ಅಲ್ಲಲ್ಲ ಅದು ಬರೀ ನ ಅಲ್ಲ, ನ್ನ ಅಂತ ತಿದ್ದಿದೆ. ಕಥೆಗಳನ್ನು ಇಂಗ್ಲಿಷಿಗೆ ತಂದ ದೀಪಾ ಭಾಸ್ತಿ ಕೊಡಗಿನವರು ಅಂತಲೂ ಹೇಳಿದೆ. ಆ ದಿನ ನನಗೆ ಎಷ್ಟು ಹೆಮ್ಮೆಯಾಗಿತ್ತು ಅಂತ ಹೇಳೋಕಾಗಲ್ಲ.

ಪುಟಾಣಿಗೂ ಅಂಗಡಿಯ ಹುಚ್ಚು ಹತ್ತಿದೆ. ಮಕ್ಕಳ ಪುಸ್ತಕಗಳ ಹತ್ತಿರ ನೆಲದ ಮೇಲೆ ಕಾಲು ಚಾಚಿ ಕೂತುಬಿಡುತ್ತಾಳೆ. ನಾನು ಪ್ರೀಮಿಯರ್‌ನಲ್ಲಿ ಕೂರೋಕೆ ಜಾಗ ಇಲ್ಲದೆ ನಿಮ್ಮ ಕಾಲಿಗೆ ಒರಗಿ ನಿಂತು ಓದುತ್ತಿದ್ದೆನಲ್ಲ, ಹಾಗೇ ಮುಖ ಮಾಡಿಕೊಂಡು ಓದುತ್ತಾಳೆ.

ಸರಿ, ಈಗ ಕೇಳಿ. ಡಿಸೆಂಬರಿನಲ್ಲಿ ನಾನು ಬರುತ್ತೇನೆ. ಅಪ್ಪ, ನಾವಿಬ್ಬರೂ ಕೂತು ವಿಂಗಡಿಸೋಣ. ನಿಮಗೆ ಬೇಕಾದ್ದು ಮನೆಯಲ್ಲೇ ಇರಲಿ. ಇಂಗ್ಲಿಷ್ ಪುಸ್ತಕಗಳನ್ನು ಚರ್ಚ್ ಸ್ಟ್ರೀಟಿನಲ್ಲಿ ಬ್ಲಾಸಮ್, ಬುಕ್‌ವರ್ಮ್ ಎರಡರಲ್ಲೂ ತಗೊಳ್ತಾರೆ. ಆಟೋದಲ್ಲಿ ಹಾಕಿಕೊಂಡು ನಾನೇ ತಗೊಂಡು ಹೋಗುತ್ತೇನೆ. ಕನ್ನಡದವನ್ನು ನಮ್ಮ ರಸ್ತೆಯ ಲೈಬ್ರರಿಯಲ್ಲಿ ಕೇಳೋಣ. ಅಮ್ಮ, ನಿನಗೆ ಧೂಳಿನ ತೊಂದರೆ ಇದೆ ಅಂತ ಗೊತ್ತು. ಒಂದು ಪುಸ್ತಕವೂ ನೀನು ಮುಟ್ಟಬೇಡ, ಎಲ್ಲ ನಾನು ಒರೆಸುತ್ತೇನೆ. ಬಣ್ಣದವರಿಗೆ ಸಂಕ್ರಾಂತಿ ಆದಮೇಲೆ ಬನ್ನಿ ಅಂತ ಹೇಳಿಬಿಡಿ.

ಅಲ್ಲಿಯವರೆಗೆ ಒಂದೇ ಒಂದು ಕೆಲಸ. ಅಟ್ಟದ ಬಲಗಡೆ ಮೂಲೆಯಲ್ಲಿ, ಹಳೇ ಮಿಕ್ಸಿ ಪಕ್ಕ, ಪ್ರೀಮಿಯರ್ ಪುಸ್ತಕಗಳ ರಟ್ಟಿನ ಡಬ್ಬ ಇದೆ. ಅದರ ಮೇಲೇನೇ ಹೋದ ಮಳೆಗಾಲದಲ್ಲಿ ಸೋರಿತ್ತು. ಪಕ್ಕದ ಮನೆ ಹುಡುಗನಿಗೆ ಹೇಳಿ ಅದೊಂದನ್ನು ಇವತ್ತೇ ಕೆಳಗೆ ಇಳಿಸಿ, ಸ್ವಲ್ಪ ಬಿಸಿಲಿಗೆ ಇಡಿ. ಅಪ್ಪ, ನೀವು ಏಣಿ ಹತ್ತಬೇಡಿ.

ನಿಮ್ಮ,
ಪುಟ್ಟಿ