ಕೊನೇ ಮನೆಯ ಟಿವಿ

ಸಿಂಧನೂರು

ಚಿ. ತಮ್ಮನಿಗೆ, ನಿನ್ನ ಕಾಕಾ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಆಯಿಯ ಮೊಣಕಾಲು ಮಾತ್ರ ಹಾಗೇ ಇದೆ. ಕಾಲುವೆಗೆ ನೀರು ಬಂದಿದೆ, ನಾಟಿ ಶುರುವಾಗಿದೆ, ಆಳುಗಳು ಸಿಗುತ್ತಿಲ್ಲ. ಫೋನ್ ಇರುವಾಗ ಈ ಮುದುಕ ಕಾಗದ ಯಾಕೆ ಬರೆಯುತ್ತಾನೆ ಅಂತ ನಗಬೇಡ. ಫೋನಿನಲ್ಲಿ ನೀನು ನನಗೆ ಮಾತಾಡಲು ಬಿಡುವುದಿಲ್ಲ, ಅದಕ್ಕೇ.

ಹೋದ ಭಾನುವಾರ ನೀನು ಹೇಳಿದ್ದು ತಲೆಯಲ್ಲೇ ಕೂತಿದೆ. ಮಕ್ಕಳ ಧಾರಾವಾಹಿ ಬರೆಯುವ ಕೆಲಸ ಸಿಕ್ಕಿದೆ, ಕತೆ ಕೇಬಲ್ ಟಿವಿ ಬಂದ ಕಾಲದ್ದು, ನಮ್ಮಂಥ ಊರಿನದು ಅಂದೆ. ಕೇಳಿ ಖುಷಿಯಾಯಿತು. ಆಮೇಲೆ ನೀನು, "ಕಾಕಾ, ಆವಾಗ ಜಾತಿ ಇಲ್ಲ, ಧರ್ಮ ಇಲ್ಲ, ಇಡೀ ಓಣಿ ಒಂದೇ ಟಿವಿ ಮುಂದೆ ಕೂತಿರ್ತಿತ್ತು, ಅಲ್ವಾ?" ಅಂದೆ. ನಾನು ಹೂಂ ಅಂದುಬಿಟ್ಟೆ. ಫೋನ್ ಇಟ್ಟ ಮೇಲೆ ನಿದ್ದೆ ಬರಲಿಲ್ಲ. ಆ ಓಣಿಗೆ ವೈರ್ ಎಳೆದವನು ನಾನು. ಇಡೀ ಓಣಿ ಅಂದರೆ ಎಲ್ಲಿಗೆ ಮುಗಿಯುತ್ತಿತ್ತು ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

1993ರಲ್ಲಿ ನಾನೂ ಕೇಬಲ್ ಮಾಮೂನೂ ಸೇರಿ ಲೈನ್ ಶುರು ಮಾಡಿದೆವು. ನೀವು ಹುಡುಗರು ಅವನನ್ನು ಹಾಗೇ ಕರೆಯುತ್ತಿದ್ದಿರಿ, ನಾನೂ ಅದೇ ಹೆಸರು ಬರೆಯುತ್ತೇನೆ. ಮಾಳಿಗೆ ಮೇಲೆ ಜಾಳಿಗೆಯ ದೊಡ್ಡ ಡಿಶ್, ಕೆಳಗೆ ಕೋಣೆಯಲ್ಲಿ ರಿಸೀವರುಗಳು, ಒಂದು ವಿಸಿಆರ್. ಕಂಬ ಹತ್ತುವವನು ಅವನು, ರೊಕ್ಕ ವಸೂಲಿ ನನ್ನದು. ತಿಂಗಳಿಗೆ 60 ರೂಪಾಯಿ. ವೈರಿನಲ್ಲಿ ದೂರ ಹೋದಷ್ಟೂ ಸಿಗ್ನಲ್ ಸೊರಗುತ್ತದೆ. ನಡುನಡುವೆ ಆಂಪ್ಲಿಫೈಯರ್ ಕೂರಿಸಬೇಕು. ಅದಕ್ಕೆ ಕರೆಂಟು ಬೇಕು. ಯಾರ ಮನೆಯಿಂದ ಕರೆಂಟು ತಗೊಳ್ಳುತ್ತೇವೋ ಅವರಿಗೆ ಕೇಬಲ್ ಫ್ರೀ. ಅವರ ಮನೆಯಲ್ಲಿ ಕರೆಂಟು ಹೋದರೆ ಮುಂದಿನ ಮನೆಗಳೆಲ್ಲದರ ಚಿತ್ರವೂ ಹೋಯಿತು. ಹಾಗಾಗಿ ಯಾರ ಮನೆಯಲ್ಲಿ ಆಂಪ್ಲಿಫೈಯರ್ ಇಡಬೇಕು ಅನ್ನುವುದು ದೊಡ್ಡ ಮಾತು. ನಾವು ನಂಬಿಕಸ್ತರ ಮನೆ ಅಂತ ಹುಡುಕುತ್ತಿದ್ದೆವು. ಕೇಬಲ್ ಮಾಮೂನ ಮನೆ ಬಿಟ್ಟರೆ ನಂಬಿಕಸ್ತರೆಲ್ಲ ಒಂದೆರಡು ಜಾತಿಯವರೇ ಆಗಿದ್ದರು, ನೋಡು.

ನಮ್ಮ ಓಣಿ ಮುಗಿದ ಮೇಲೆ ಹಳ್ಳ, ಹಳ್ಳದಾಚೆ ದಲಿತರ ಕೇರಿ. ಅಲ್ಲಿಗೆ ವೈರ್ ಹೋಗಲಿಲ್ಲ. ಕೇಳಿದವರಿಗೆ, "ಅಲ್ಲಿ ಟಿವಿ ಇರೋದೇ ನಾಲ್ಕು ಮನ್ಯಾಗ, ವೈರಿನ ಖರ್ಚೂ ಹುಟ್ಟಂಗಿಲ್ಲ" ಅನ್ನುತ್ತಿದ್ದೆ. ಅದು ಪೂರ್ತಿ ಸುಳ್ಳಲ್ಲ. ಆದರೆ ಅದೇ ವರ್ಷ, ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪಿಗೆ ಗದ್ದೆ ಬದುವಿನ ಮೇಲೆ ಕಂಬ ನೆಟ್ಟು ಎರಡು ಕಿಲೋಮೀಟರ್ ವೈರ್ ಎಳೆದಿದ್ದೆ. ಅಲ್ಲಿಯೂ ಮೊದಲಿಗೆ ಇದ್ದದ್ದು ಐದಾರು ಟಿವಿ.

ಈಗ ಒಂದು ದಿನದ ಮಾತು ಹೇಳುತ್ತೇನೆ. 1999ರ ಬೇಸಿಗೆ ರಜೆ, ನಿನಗೆ ಏಳು ವರ್ಷ. ಪಡಸಾಲೆಯಲ್ಲಿ ನೀನು, ಅಕ್ಕ, ಪಕ್ಕದ ಮನೆ ಹುಡುಗರು. ಕಾರ್ಟೂನ್ ನೆಟ್‌ವರ್ಕ್‌ನಲ್ಲಿ ಬೆಕ್ಕು-ಇಲಿ ಓಡಾಡುತ್ತಿವೆ. ನಮ್ಮಲ್ಲಿ ಅದು ಅಷ್ಟು ಓಡಿದ್ದಕ್ಕೆ ಕಾರಣ ಸುಲಭ, ಮಾತೇ ಕಡಿಮೆ, ಇಂಗ್ಲಿಷ್ ಬೇಕಿರಲಿಲ್ಲ. ಪಾತ್ರೆ ತಿಕ್ಕಲು ಬರುತ್ತಿದ್ದ ಹಳ್ಳದಾಚೆಯ ಹೆಂಗಸು ಹೊಸ್ತಿಲ ಹೊರಗೆ ನಿಂತು ನೋಡುತ್ತಿದ್ದಳು. ಕೈಗೆ ಬೂದಿ ಮೆತ್ತಿತ್ತು, ತೆಂಗಿನ ನಾರು ಹಾಗೇ ಹಿಡಿದಿದ್ದಳು. ಒಳಗೆ ಬಾ ಅಂತ ಯಾರೂ ಅನ್ನಲಿಲ್ಲ. ಅನ್ನಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ಆಗ ಟಿವಿಯಲ್ಲಿ ಆ ಬೆಕ್ಕಿನ ಮನೆಯ ಹೆಂಗಸು ಬಂದಳು. ಕಪ್ಪು ಕಾಲು, ಸವೆದ ಚಪ್ಪಲಿ, ಕೈಯಲ್ಲಿ ಪೊರಕೆ. ಮೊಣಕಾಲಿನಿಂದ ಮೇಲಕ್ಕೆ ಹೆಚ್ಚೇನೂ ಕಾಣುವುದಿಲ್ಲ.

"ಈಕೀ ಮುಖ ಯಾವಾಗ ತೋರಸ್ತಾರ?" ಅಂತ ಹೊಸ್ತಿಲಿಂದ ಕೇಳಿದಳು.

ನೀನು ತಿರುಗಿ ಕೂಡ ನೋಡದೆ, "ಆಕಿ ಕೆಲಸದಾಕಿ. ಆಕಿಗೆ ಮುಖ ಇರಂಗಿಲ್ಲ" ಅಂದೆ.

ಎಲ್ಲರೂ ನಕ್ಕೆವು. ನಾನೂ ನಕ್ಕೆ. ಆಕೆಯೂ ನಕ್ಕು ಹಿತ್ತಲಿಗೆ ಹೋದಳು. ನಿನ್ನನ್ನು ಬೈಯುತ್ತಿಲ್ಲ ತಮ್ಮಾ. ಏಳು ವರ್ಷದ ಹುಡುಗ, ಟಿವಿಯಲ್ಲಿ ಕಂಡದ್ದನ್ನು ಹೇಳಿದೆ. ಹೊಸ್ತಿಲಲ್ಲಿ ಕಂಡದ್ದೂ ಅದಕ್ಕೆ ಸರಿಹೋಯಿತು.

ಈಗ ಫೋನಿನಲ್ಲಿ ಹುಡುಕಿ ಓದಿದೆ. ಆ ಪಾತ್ರಕ್ಕೆ ಮ್ಯಾಮಿ ಟೂ ಶೂಸ್ ಅಂತ ಹೆಸರಂತೆ. 1940ರಲ್ಲಿ ಬಂದ ಮೊದಲ ಟಾಮ್ ಅಂಡ್ ಜೆರ್ರಿಯಿಂದ 1952ರವರೆಗೆ ಇದ್ದಳು. ಧ್ವನಿ ಕೊಟ್ಟವರು ಲಿಲಿಯನ್ ರ್‍ಯಾಂಡಾಲ್ಫ್ ಅನ್ನುವ ಕಪ್ಪು ಜನಾಂಗದ ನಟಿ. ಇದು ಅವಮಾನ ಅಂತ ಅಮೆರಿಕದಲ್ಲಿ ಕೂಗೆದ್ದಿತು. ಆಗ ಅವರು ಏನು ಮಾಡಿದರು ಗೊತ್ತಾ? 1960ರ ದಶಕದಲ್ಲಿ ಟಿವಿಗೆ ಹಾಕುವಾಗ ಆ ಕಾಲನ್ನು ಅಳಿಸಿ, ತೆಳ್ಳಗಿನ ಬಿಳಿ ಕಾಲು ಬರೆದರು. 1990ರ ದಶಕದಲ್ಲಿ ಕಾಲು ಹಾಗೇ ಬಿಟ್ಟು ಧ್ವನಿ ಬದಲಿಸಿದರು. 2014ರಲ್ಲಿ ಅಮೆಝಾನ್‌ನಲ್ಲಿ ಚಿತ್ರದ ಜೊತೆ ಒಂದು ಎಚ್ಚರಿಕೆಯ ಮಾತು ಸೇರಿಸಿದರು. ಆ ಎಚ್ಚರಿಕೆ ಇರಲಿ, ಒಳ್ಳೆಯದೇ. ಆದರೆ ಆ ಬಿಳಿ ಕಾಲಿನ ಉಪಾಯ ನನಗೆ ಅರಗಲಿಲ್ಲ. ಮುಖ ಕೊಡಿ ಅಂತ ಕೇಳಿದರೆ ಇದ್ದ ಕಾಲನ್ನೂ ಕಿತ್ತುಕೊಂಡರು.

ಅಮೆರಿಕದವರ ಮಾತು ಬಿಡು, ಅವರನ್ನು ಬೈಯುವುದು ಸುಲಭ. ನನ್ನ ಕಂಟ್ರೋಲ್ ರೂಮಿಗೆ ಬಾ. ಆಗಿನ ಟಿವಿಗಳಲ್ಲಿ ಎಂಟೋ ಹನ್ನೆರಡೋ ಚಾನೆಲ್ ಗುಂಡಿ. ಒಂದೊಂದು ಚಾನೆಲ್ಲಿಗೂ ಒಂದು ರಿಸೀವರ್, ಒಂದು ಮಾಡ್ಯುಲೇಟರ್ ಬೇಕು, ಎಲ್ಲ ನನ್ನ ಜೇಬಿನಿಂದ. ದೂರದರ್ಶನ ಕೊಡಲೇಬೇಕು ಅಂತ 1995ರ ಕೇಬಲ್ ಕಾಯ್ದೆ ಹೇಳಿತು. ಉಳಿದದ್ದು ನನ್ನ ಇಷ್ಟ. 1994ರಲ್ಲಿ ಉದಯ ಬಂತು, ಅದಕ್ಕೆ ಮೊದಲ ಗುಂಡಿ. ಕ್ಯಾಂಪಿನವರಿಗಾಗಿ ಜೆಮಿನಿ, ಈಟಿವಿ ತೆಲುಗು. ಅವರು ಸುಗ್ಗಿ ಆದ ಕೂಡಲೇ ಇಡೀ ವರ್ಷದ ರೊಕ್ಕ ಒಂದೇ ಕಂತಿನಲ್ಲಿ ಕೊಡುತ್ತಿದ್ದರು. 2001ರಲ್ಲಿ ಈಟಿವಿ ಉರ್ದು ಬಂದಾಗ ಕೇಬಲ್ ಮಾಮು ಕೇಳಿದ. "ನೀನು ಉದಯ ನೋಡಲ್ವಾ, ಜೆಮಿನಿ ನೋಡಲ್ವಾ, ಅದ್ಯಾಕೆ ಬೇಕು?" ಅಂದೆ. ಅಂಬಾಮಠದ ಜಾತ್ರೆಯನ್ನು ಹೆಗಲ ಮೇಲೆ ಕ್ಯಾಮೆರಾ ಹೊತ್ತು ಶೂಟ್ ಮಾಡಿ ನಮ್ಮ ಲೋಕಲ್ ಚಾನೆಲ್ಲಿಗೆ ಹಾಕುತ್ತಿದ್ದವನು ಅವನೇ. ಅವನಿಗೆ ಆ ಮಾತು ಹೇಳಿದೆ. ಅವನು ಜಗಳವಾಡಲಿಲ್ಲ. ಎರಡು ವರ್ಷ ಬಿಟ್ಟು, ಹೊಸ ಮಾಡ್ಯುಲೇಟರ್ ತಂದಾಗ ಹಾಕಿದೆ. ಆ ರಾತ್ರಿ ಅವನ ತಾಯಿ ಟಿವಿ ಮುಂದಿನಿಂದ ಏಳಲೇ ಇಲ್ಲವಂತೆ. ಎಂಟು ವರ್ಷ ಆ ಮನೆಯ ಕರೆಂಟಿನಲ್ಲಿ ನನ್ನ ಆಂಪ್ಲಿಫೈಯರ್ ಓಡಿತ್ತು.

ನಿರಾಶ್ರಿತರಿಗೆ ಪುನರ್ವಸತಿ ಕೊಟ್ಟ ಆರ್.ಎಚ್. ಕ್ಯಾಂಪಿನಿಂದ ಇಬ್ಬರು ಬಂಗಾಳಿ ಹಿರಿಯರೂ ಒಮ್ಮೆ ಬಂದು ಕೇಳಿದ್ದರು. ಅವರಿಗೆ ಕೊನೆಗೂ ಏನೂ ಕೊಡಲಿಲ್ಲ. ತಾಂಡಾದವರು ಕೇಳಲೂ ಇಲ್ಲ, ಲಂಬಾಣಿಯಲ್ಲಿ ಮಾತಾಡುವ ಚಾನೆಲ್ ಎಲ್ಲಿತ್ತು?

ನೀನು ಇದನ್ನೆಲ್ಲ ಮರೆತಿರಬಹುದು. ಆದರೆ ತಲೆಗೆ ಟವೆಲ್ ಸುತ್ತಿ, ಅದಕ್ಕೆ ಅಕ್ಕನ ಬ್ರೋಚ್ ಸಿಕ್ಕಿಸಿ "ಸಿಮ್ ಸಿಮ್ ಸಲಾಬಿಮ್" ಅನ್ನುತ್ತಿದ್ದದ್ದು ನೆನಪಿರಬೇಕು. ಜಾನಿ ಕ್ವೆಸ್ಟ್ ಕಾರ್ಟೂನ್‌ನ ಹಾಜಿ. ಕೋಲ್ಕತ್ತದ ಹುಡುಗನಂತೆ, ಹಾಗಾಗಿ ರುಮಾಲು, ಮಂತ್ರ, ಮಾಯ. ಭಾರತದ ಹುಡುಗನೊಬ್ಬ ಅಮೆರಿಕದವರು ಬರೆದ ಭಾರತದ ಹುಡುಗನ ವೇಷ ಹಾಕಿದ್ದ! ನಿನ್ನ ಕ್ಲಾಸಿನಲ್ಲೇ ಬಂಗಾಳಿ ಹುಡುಗನಿದ್ದ, ಆರ್.ಎಚ್. ಕ್ಯಾಂಪಿನಿಂದ ಸೈಕಲ್ ತುಳಿದುಕೊಂಡು ಬರುತ್ತಿದ್ದ, ಕನ್ನಡದಲ್ಲಿ ನಿನಗಿಂತ ಜಾಸ್ತಿ ಮಾರ್ಕ್ಸ್ ತಗೊಳ್ಳುತ್ತಿದ್ದ. ಅವನ ಅಪ್ಪ-ಅಮ್ಮ ಪೂರ್ವ ಪಾಕಿಸ್ತಾನ ಬಿಟ್ಟು ಈ ಎರೆ ಹೊಲಕ್ಕೆ ಬಂದು ಭತ್ತ ಬೆಳೆದವರು. ಅದು ಕತೆಯಲ್ಲವಾ? ಕ್ಯಾಪ್ಟನ್ ಪ್ಲಾನೆಟ್ ಕಾರ್ಟೂನ್‌ನಲ್ಲಿ ಇಡೀ ಏಷ್ಯಾಕ್ಕೆ ಒಬ್ಬ ಹುಡುಗಿ, ಇಡೀ ಆಫ್ರಿಕಕ್ಕೆ ಒಬ್ಬ ಹುಡುಗ. ನಿನ್ನ ಧಾರಾವಾಹಿಯಲ್ಲಿ ಹಾಗೆ ಒಬ್ಬೊಬ್ಬರನ್ನು ಲೆಕ್ಕಕ್ಕೆ ನಿಲ್ಲಿಸಬೇಡ. ಟೋಪಿ ಹಾಕಿದ ಒಬ್ಬ, ಹಬ್ಬಕ್ಕೆ ಬಿರಿಯಾನಿ ತಂದು ಹೋಗುವುದಕ್ಕಷ್ಟೇ. ಕೇಬಲ್ ಮಾಮು ಬಿರಿಯಾನಿ ತಂದದ್ದು ವರ್ಷಕ್ಕೆ ಒಮ್ಮೆ. ಉಳಿದ ದಿನ ಅವನು ನನ್ನ ಹತ್ತಿರ ಸ್ಪ್ಲಿಟರ್ ಲೆಕ್ಕಕ್ಕೆ ಜಗಳ ಕಾಯುತ್ತಿದ್ದ. ಆ ಜಗಳ ಬರಿ.

ಮಾತಿನ ವಿಷಯಕ್ಕೂ ಬರುತ್ತೇನೆ, ಅದು ನಿನ್ನ ಹೊಟ್ಟೆಪಾಡು. ಆಗಿನ ಧಾರಾವಾಹಿಗಳಲ್ಲಿ ನಮ್ಮ ಕಡೆ ಮಾತು ಕೇಳಿಸಿತು ಅಂದರೆ ಬಂದವನು ಕೆಲಸದವನೋ ನಗಿಸುವವನೋ ಅಂತ ಮೊದಲೇ ಗೊತ್ತಾಗುತ್ತಿತ್ತು. ವೈಶಾಲಿ ಕಾಸರವಳ್ಳಿಯವರ 'ಮೂಡಲ ಮನೆ' ಬಂದಾಗ ನಿಮ್ಮ ಆಯಿ ಅಡುಗೆ ಬಿಟ್ಟು ಬಂದು ಕೂತಳು. ಅದು ಧಾರವಾಡದ ಕಡೆ ಮಾತು, ತೆಲುಗು-ಉರ್ದು ಬೆರೆತ ನಮ್ಮ ಮಾತಲ್ಲ, ಆದರೂ ಸಾಕಿತ್ತು ಆಕೆಗೆ. ಇನ್ನು ಕಾರ್ಟೂನ್ ಕನ್ನಡದಲ್ಲಿ ನೋಡೋಣ ಅಂದರೆ ಡಬ್ಬಿಂಗ್ ಬೇಡ ಅಂತ ನಮ್ಮ ಸಿನಿಮಾದವರ ಹಟ. ಮಕ್ಕಳಿಗಾಗಿ ಚಿಂಟು ಚಾನೆಲ್ ಬಂದದ್ದು 2009ರಲ್ಲಿ, ಆಗ ನಿನಗೆ ಮೀಸೆ ಬಂದಿತ್ತು. ಡಬ್ಬಿಂಗ್ ತಡೆದದ್ದು ಕನ್ನಡ ಉಳಿಸಲಿಕ್ಕೆ ಅಂತ, ನೀವೆಲ್ಲ ಅಷ್ಟರಲ್ಲಿ ಹಿಂದಿ ಕಲಿತಿದ್ದಿರಿ.

ಗಂಡಾಗಿ ಹುಟ್ಟಿ, ಸೀರೆಯುಟ್ಟು ಎಲ್ಲಮ್ಮನ ಸೇವೆಗೆ ನಿಂತ ಜೋಗತಿಯರು ಬಜಾರಿಗೆ ಬಂದರೆ ನೀವು ಹುಡುಗರು ಚಪ್ಪಾಳೆ ತಟ್ಟಿ ಅಣಕಿಸುತ್ತಿದ್ದಿರಿ. ಅದನ್ನು ಕಲಿತದ್ದು ನಮ್ಮ ಲೋಕಲ್ ಚಾನೆಲ್ಲಿನಲ್ಲಿ ನಾನು ಹಾಕುತ್ತಿದ್ದ ಪಿಕ್ಚರುಗಳಿಂದ. ಮೊದಲು ಊರಿನವರು ಅವರಿಗೆ ಮೊರದಲ್ಲಿ ಕಾಳು ತಂದು ಕೊಟ್ಟು ಕೈ ಮುಗಿಯುತ್ತಿದ್ದರು. 2021ರಲ್ಲಿ ನಮ್ಮ ಬಳ್ಳಾರಿ ಕಡೆಯ ಮಂಜಮ್ಮ ಜೋಗತಿ ಪದ್ಮಶ್ರೀ ತಗೊಳ್ಳುವಾಗ ಸೆರಗಿನಿಂದ ರಾಷ್ಟ್ರಪತಿಗಳಿಗೇ ದೃಷ್ಟಿ ತೆಗೆದರಲ್ಲ, ಅದನ್ನು ನಾಲ್ಕು ಸಲ ನೋಡಿದೆ.

ನಿನಗೆ ಒಂದು ಕಂತಿಗೆ ಆಗುವಷ್ಟು ಕತೆ ಕೊಡುತ್ತೇನೆ, ಬೇಕಾದರೆ ತಗೋ. ಒಂದು ಶನಿವಾರ ರಾತ್ರಿ ವಿಸಿಆರ್‌ನಲ್ಲಿ ಹೊಸ ಪಿಕ್ಚರ್ ಹಾಕಿದ್ದೆ. (ಅದು ಕಾನೂನಿಗೆ ಸರಿಯಲ್ಲ, ಆ ಮಾತು ಬೇರೆ.) ಅರ್ಧಕ್ಕೆ ಆಂಪ್ಲಿಫೈಯರ್ ಸುಟ್ಟಿತು. ಓಣಿಯೆಲ್ಲ ಬಾಗಿಲಿಗೆ ಬಂದು ನಿಂತಿತು. ಕೇಬಲ್ ಮಾಮು ಹಳ್ಳ ದಾಟಿ ಹೋಗಿ ಆ ಪಾತ್ರೆ ತಿಕ್ಕುವಾಕೆಯ ಗಂಡನನ್ನು ಕರೆತಂದ. ಪಂಪ್‌ಸೆಟ್ ಮೋಟರ್ ರಿವೈಂಡಿಂಗ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದವನು. ಅವನು ನಮ್ಮ ಕಟ್ಟೆ ಮೇಲೆ ಕೂತು, ಬಾಯಲ್ಲಿ ಬ್ಯಾಟರಿ ಕಚ್ಚಿಕೊಂಡು, ಅರ್ಧ ತಾಸಿನಲ್ಲಿ ಬೆಸುಗೆ ಹಾಕಿ ಸರಿಮಾಡಿದ. ಚಿತ್ರ ಬಂತು, ಓಣಿ ಸಿಳ್ಳೆ ಹಾಕಿ ಒಳಗೆ ಹೋಯಿತು. ಅವನಿಗೆ ಚಹಾ ಕೊಟ್ಟೆವು, ಬೇರೆ ಲೋಟದಲ್ಲಿ. ಆಮೇಲೆ ಅವನು ಕೇಬಲ್ ಇಲ್ಲದ ತನ್ನ ಮನೆಗೆ ನಡೆದುಕೊಂಡು ಹೋದ. ಬರೆಯುವುದಾದರೆ ಲೋಟವನ್ನೂ ಬರಿ. ಕಾಕಾ ಬೇಜಾರಾಗುತ್ತಾನೆ ಅಂತ ಬಿಡಬೇಡ.

2003ರಲ್ಲಿ ಅವರ ಕೇರಿಗೆ ಲೈನ್ ಕೊಟ್ಟೆ. ಅವರದೇ ಕೊನೇ ಮನೆ. ಆಂಪ್ಲಿಫೈಯರ್ ಹಳ್ಳದ ಈಚೆಗೇ ಉಳಿಯಿತು.

ನೀನು ಫೋನ್ ಮಾಡಿದ ಮರುದಿನ ಆಕೆ ಸಂತೆಯಲ್ಲಿ ಸಿಕ್ಕಿದ್ದಳು. ಈಗ ತಲೆ ಪೂರ್ತಿ ಬೆಳ್ಳಗಾಗಿದೆ, ಮಗ ರಾಯಚೂರಿನಲ್ಲಿ ಮೇಷ್ಟ್ರು. ಆ ಬೆಕ್ಕು-ಇಲಿ ನೆನಪಿದೆಯಾ ಅಂತ ಕೇಳಿದೆ. ನಾನಿಷ್ಟು ನಿದ್ದೆಗೆಟ್ಟ ಆ ಮಾತು ಆಕೆಗೂ ಚುಚ್ಚಿರಬೇಕು ಅಂತ ನನ್ನ ಎಣಿಕೆ. "ಯಾವ ಬೆಕ್ಕು?" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ನಿಮ್ಮ ಕೇಬಲ್ಲಾಗ ಒಂದ್ ದಿನಾನೂ ಚಿತ್ರ ಸರಿ ಬರಲಿಲ್ರೀ ಧಣಿ, ಬರೇ ಇರಿವಿ ಹರದಾಡಿದಂಗ. ಅರವತ್ತು ರೂಪಾಯಿ ಮಾತ್ರ ತಿಂಗಳಾ ತಿಂಗಳಾ ಒಯ್ದಿರಿ" ಅಂದಳು. ನಾನು ಮೆಣಸಿನಕಾಯಿ ಚೀಲ ಹಿಡಿದುಕೊಂಡು ಸುಮ್ನೆ ನಿಂತೆ.

ಆಕೆಯ ಹೆಸರನ್ನು ಬೇಕಂತಲೇ ಇಲ್ಲಿ ಬರೆದಿಲ್ಲ. ನಿನಗೆ ನೆನಪಿದೆಯಾ ನೋಡು. ಇಲ್ಲದಿದ್ದರೆ ನಿಮ್ಮ ಅವ್ವನನ್ನು ಕೇಳು. ದೀಪಾವಳಿಗೆ ಬಂದಾಗ ಅವರ ಮನೆಗೆ ಹೋಗೋಣ, ಗಂಡ ಇನ್ನೂ ಗಟ್ಟಿಯಾಗಿದ್ದಾನೆ, ಆಂಪ್ಲಿಫೈಯರ್ ಬಗ್ಗೆ ನನಗಿಂತ ಚೆನ್ನಾಗಿ ಹೇಳುತ್ತಾನೆ. ಬರುವಾಗ ಆಯಿಗೆ ಮೊಣಕಾಲಿನ ಬೆಲ್ಟ್ ತಾ, ಇಲ್ಲಿ ಸಿಗುವುದು ದೊಗಳೆ ಆಗುತ್ತದೆ.

ಇಂತಿ ನಿನ್ನ
ಕಾಕಾ